ಗಡಾಯಿಕಲ್ಲು: ಹತ್ತುವ ಮೊದಲು ಇಳಿಯುವ ಲೆಕ್ಕ ಹಾಕಿ

ರಜೆ ಬಂತೆಂದರೆ ಮಂಗಳೂರು, ಉಡುಪಿಯ ಕಾರುಗಳು ಬೆಳ್ತಂಗಡಿ ಕಡೆ ಮುಖ ಮಾಡುತ್ತವೆ. ಮಕ್ಕಳಿಗೆ ಗಡಾಯಿಕಲ್ಲು ಬಂಡೆಯ ಮೇಲಿನ ಟಿಪ್ಪುವಿನ ಕೋಟೆ ತೋರಿಸುವುದು, ಧರ್ಮಸ್ಥಳದಲ್ಲಿ ಮಧ್ಯಾಹ್ನದ ಊಟ, ದೀಪ ಹಚ್ಚುವ ಹೊತ್ತಿಗೆ ಮನೆ. ಕಾಗದದ ಮೇಲೆ ಚೆಂದದ ಯೋಜನೆ. ಅದು ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ: ಮಧ್ಯಾಹ್ನ ಎರಡರ ಮೇಲೆ, ಬಂಡೆಯ ಮೇಲ್ಭಾಗದಲ್ಲಿ, ಇಳಿಯುವಾಗ.

ಕೆಟ್ಟ ದಿನ ಹೀಗಿರುತ್ತದೆ. ಎಂಟೂವರೆಗೆ ಮನೆ ಬಿಡುವುದು. ಬಿ.ಸಿ.ರೋಡಿನಲ್ಲಿ ತಿಂಡಿಗೆ ಮುಕ್ಕಾಲು ಗಂಟೆ. ಗುರುವಾಯನಕೆರೆ ದಾಟಿದ ಮೇಲೆ ಧರ್ಮಸ್ಥಳಕ್ಕೆ ಹೋಗುವ ವಾಹನಗಳ ಸಾಲು. ಬುಡ ಮುಟ್ಟುವಾಗ ಹನ್ನೊಂದೂವರೆ. ತಲೆಗೊಂದು ಅರ್ಧ ಲೀಟರಿನ ಬಾಟ್ಲಿ, ಕಾಲಿಗೆ ಚಪ್ಪಲಿ. ಕೆಳಗಿನ ಕಾಡುದಾರಿಯಲ್ಲಿ ನೆರಳಿರುತ್ತದೆ, ಏರು ಮೆಲ್ಲಗಿರುತ್ತದೆ, ಇಷ್ಟೇನಾ ಅನ್ನಿಸುತ್ತದೆ. ಮರ ಮುಗಿದು ಬರಿ ಬಂಡೆ ಶುರುವಾಗುವಲ್ಲಿ ನೀರು ತಳ ಕಂಡಿರುತ್ತದೆ. ಇಷ್ಟು ಬಂದಾಯಿತಲ್ಲ ಎಂದು ಮುಂದೆ ಹೋಗುತ್ತಾರೆ. ತುದಿಯಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ಅಲ್ಲಿ ಕೆರೆಯಂಥದ್ದೊಂದು ಇದೆ, ಆದರೆ ನಿಂತ ನೀರು, ಬಾಯಿಗೆ ಹಾಕುವಂಥದ್ದಲ್ಲ. ಫೋಟೊ ಮುಗಿಸಿ ಇಳಿಯಲು ತಿರುಗಿದಾಗ ಮಗುವಿನ ಮೊಣಕಾಲು ನಡುಗುತ್ತದೆ, ಅಮ್ಮನ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ. ಆಗ ಕಾಣುವುದು ಕೆಳಗಿನ ಪಾತಾಳ.

ಈ ದಾರಿ ಯಾಕೆ ಹೀಗಿದೆ ಎಂದು ತಿಳಿಯಲು ಕೋಟೆ ಯಾಕಾಗಿ ಕಟ್ಟಿದ್ದು ಎಂದು ನೋಡಬೇಕು. ನರಸಿಂಹಗಡವೆಂಬ ಹಳೆಯ ಜಾಗದ ಮೇಲೆ 1794ರಲ್ಲಿ ಟಿಪ್ಪು ಹೊಸ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಲಾಬಾದ್ ಎಂದು ಕರೆದ ಎಂಬುದು ಪ್ರಸಿದ್ಧ. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಗ್ರಾನೈಟ್ ಬಂಡೆ. ಮೇಲೆ ಹೋಗಲು ಇರುವುದು ಒಂದೇ ಇಕ್ಕಟ್ಟಿನ ದಾರಿ. ಶತ್ರು ಹತ್ತಬಾರದು ಎಂದೇ ಹಾಗೆ ಮಾಡಿದ್ದು. ಶ್ರೀರಂಗಪಟ್ಟಣ ಬಿದ್ದ ವರ್ಷವೇ, 1799ರಲ್ಲಿ, ಇದು ಬ್ರಿಟಿಷರ ಕೈಸೇರಿತು; ನಡುವೆ ಬಂಡಾಯಗಾರರ ವಶಕ್ಕೆ ಹೋಗಿ ಮತ್ತೆ ಮುತ್ತಿಗೆ ಕಂಡಿತು. ಸ್ವಲ್ಪವೇ ಸಮಯದ ಬಳಿಕ ಈಸ್ಟ್ ಇಂಡಿಯಾ ಕಂಪನಿಗಾಗಿ ನಾಡು ಸುತ್ತಿ ವರದಿ ಬರೆಯುತ್ತಾ ಇತ್ತ ಬಂದ ಫ್ರಾನ್ಸಿಸ್ ಬುಕನನ್ ಇದರ ಮರ್ಮ ಹಿಡಿದು ಬರೆದಿದ್ದಾನೆ: ಹತ್ತುವುದು ಎಷ್ಟು ಕಷ್ಟವೋ, ಎದುರಿಗೆ ಶತ್ರು ನಿಂತಿದ್ದರೆ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ ಕಷ್ಟ, ಹಾಗಾಗಿ ಬೆರಳೆಣಿಕೆಯ ಸೈನಿಕರು ಬುಡದಲ್ಲಿ ಕೂತರೆ ಮೇಲಿನ ದೊಡ್ಡ ಪಡೆಯೂ ಸಿಕ್ಕಿಬೀಳುತ್ತದೆ. ಈಗ ಕೆಳಗೆ ಫಿರಂಗಿ ಹೂಡಿ ಕೂತವರಿಲ್ಲ. ಆ ಕೆಲಸವನ್ನು ಬಿಸಿಲು ಮಾಡುತ್ತದೆ.

ಮೆಟ್ಟಿಲು 1,876 ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಆ ಸಂಖ್ಯೆ ನೋಡಿ ದೇವಸ್ಥಾನದ ಮೆಟ್ಟಿಲಿನ ಕಲ್ಪನೆ ಮಾಡಿಕೊಳ್ಳಬೇಡಿ. ಮೇಲಿನ ಭಾಗದ ಮೆಟ್ಟಿಲು ಬಂಡೆಯಲ್ಲೇ ಕಡಿದದ್ದು. ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ. ಕಾಲಿಗೆ ಲಯ ಸಿಗುವುದಿಲ್ಲ. ಅಂಚು ಸವೆದು ಹೊರಕ್ಕೆ ವಾಲಿರುತ್ತದೆ. ಅದರ ಮೇಲೆ ಕಲ್ಲಿನ ಪುಡಿ, ಒಣ ಎಲೆ. ಸಿಮೆಂಟು ನೆಲದ ಮೇಲೆ ಹೆಸರುಕಾಳು ಚೆಲ್ಲಿ ನಡೆದ ಹಾಗೆ. ಹತ್ತುವಾಗ ದೇಹದ ಭಾರ ಮುಂದಕ್ಕಿರುವುದರಿಂದ ಇದು ಗೊತ್ತಾಗುವುದಿಲ್ಲ, ಜಾರಿದರೂ ಕೈ ಊರಬಹುದು. ಇಳಿಯುವಾಗ ಪೂರ್ತಿ ಭಾರ ಒಂದೇ ಮೊಣಕಾಲಿನ ಮೇಲೆ ಬಂದು, ಹಿಮ್ಮಡಿ ಆ ಪುಡಿಯ ಮೇಲೆಯೇ ಇಳಿಯುತ್ತದೆ. ದಣಿದ ತೊಡೆ ಆ ಹೊತ್ತಿಗೆ ಹಿಡಿತ ಬಿಟ್ಟಿರುತ್ತದೆ.

ಅದಕ್ಕೆ ಇಳಿಯುವ ಕ್ರಮ ಬೇರೆ. ಅಡ್ಡಕ್ಕೆ ತಿರುಗಿ, ಪಾದ ಪೂರ್ತಿ ಮೆಟ್ಟಿಲಿನ ಮೇಲೆ ಬರುವಂತೆ ಒಂದೊಂದಾಗಿ ಇಳಿಯಿರಿ. ತೀರ ಕಡಿದಾದಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ ಹಿಂದಕ್ಕೆ. ಕೂತು ಜಾರುವುದಕ್ಕೂ ನಾಚಿಕೆ ಬೇಡ. ಮಗುವಿನ ಕೈ ಹಿಡಿದು ಮೇಲಿನಿಂದ ಇಳಿಸಬೇಡಿ. ಅದು ಜಾರಿದರೆ ನಿಮ್ಮನ್ನೂ ಎಳೆಯುತ್ತದೆ. ದೊಡ್ಡವರೊಬ್ಬರು ಸದಾ ಮಗುವಿಗಿಂತ ಎರಡು ಮೆಟ್ಟಿಲು ಕೆಳಗೇ ಇರಬೇಕು. ಚೀಲ ಬೆನ್ನಿಗೆ, ಮೊಬೈಲು ಜೇಬಿಗೆ, ಎರಡೂ ಕೈ ಖಾಲಿ. ಹಸುಗೂಸನ್ನು ಎದೆಗೆ ಕಟ್ಟಿಕೊಂಡು ಬರುವವರೂ ಇದ್ದಾರೆ ಮಾರಾಯ್ರೆ, ಕಟ್ಟಿಕೊಂಡವರಿಗೆ ತಮ್ಮ ಪಾದವೇ ಕಾಣುವುದಿಲ್ಲ.

ಇನ್ನು ತುದಿಯ ಅಂಚು. ಶಿಕ್ಷೆಗೊಳಗಾದವರನ್ನು ಇಲ್ಲಿಂದ ಕೆಳಗೆ ದೂಡುತ್ತಿದ್ದರು ಎಂಬ ಕತೆ ಊರಲ್ಲಿದೆ. ಆ ಕತೆ ಹೇಳುತ್ತಾ ಮಕ್ಕಳನ್ನು ಅಂಚಿಗೆ ಕರೆದೊಯ್ಯುವ ಅಪ್ಪಂದಿರಿಗೆ ಏನು ಹೇಳುವುದು! ಕತೆಯನ್ನು ಕಾರಿನಲ್ಲಿ ಹೇಳಿ.

ಹೊತ್ತಿನ ಲೆಕ್ಕ ಕಟ್ಟುನಿಟ್ಟಾಗಿರಲಿ. ಮಕ್ಕಳಿರುವ ಕುಟುಂಬಕ್ಕೆ ಹತ್ತಲು ಎರಡು ಗಂಟೆ, ಮೇಲೆ ಅರ್ಧ ಗಂಟೆ, ಇಳಿಯಲು ಒಂದೂವರೆಯಿಂದ ಎರಡು ಗಂಟೆ. ಏಳು, ಏಳೂವರೆಗೆ ಮೊದಲ ಮೆಟ್ಟಿಲು ತುಳಿದರೆ ಹನ್ನೆರಡರ ಒಳಗೆ ಕೆಳಗಿರುತ್ತೀರಿ. ಮಂಗಳೂರಿನಿಂದ ಬೆಳ್ತಂಗಡಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಲಾಯಿಲ, ಕಿಲ್ಲೂರು ರಸ್ತೆಯಲ್ಲಿ ಮಂಜೊಟ್ಟಿ ಕಡೆಗೆ. ಹಾಗಾಗಿ ಐದಕ್ಕೆ ಮನೆ ಬಿಡಬೇಕು. ಉಡುಪಿಯವರು ಕಾರ್ಕಳ, ಬಜಗೋಳಿ, ನಾರಾವಿ ಮೇಲೆ ಬರುವುದಾದರೂ ಅದೇ ಹೊತ್ತು. ತಿಂಡಿ ಕಟ್ಟಿಕೊಂಡು ಬನ್ನಿ. ಹತ್ತು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್, ತುದಿ ಕಣ್ಣೆದುರು ಕಾಣುತ್ತಿದ್ದರೂ.

ನೀರು ಒಬ್ಬರಿಗೆ ಎರಡು ಲೀಟರ್, ಅದರಲ್ಲಿ ಅರ್ಧ ಇಳಿಯುವುದಕ್ಕೆ. ಬೆವರಿನಲ್ಲಿ ಹೋದ ಉಪ್ಪು ಬರಿ ನೀರಿನಿಂದ ತುಂಬುವುದಿಲ್ಲ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆತಟ್ಟಿ ಅಳೆದು ಬೆರೆಸಿ ಒಂದು ಬಾಟ್ಲಿ ಬೇರೆ ಇಡಿ. ಬೊಂಡ (ಎಳನೀರು), ಪುನರ್ಪುಳಿ ಶರಬತ್ತು ಕೆಳಗೆ ಬಂದ ಮೇಲೆ. ಮಗು ಮಾತು ನಿಲ್ಲಿಸಿ ಸುಮ್ಮನಾಯಿತೆಂದರೆ ಅದು ಜಾಣತನವಲ್ಲ, ಬಿಸಿಲು ಹೊಡೆದದ್ದು. ಕೂಡಲೇ ನೆರಳಿಗೆ ಕರೆದೊಯ್ದು ಕುತ್ತಿಗೆ, ಕಂಕುಳು ಒದ್ದೆ ಮಾಡಿ.

ಕಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ಪಾಚಿಯ ಕಾಲ, ಕಲ್ಲಿನ ಮೇಲೆ ಎಣ್ಣೆ ಹಚ್ಚಿದಂತೆ. ಕುದುರೆಮುಖ ವನ್ಯಜೀವಿ ವಿಭಾಗದ ಜಾಗವಾದ್ದರಿಂದ ಮಳೆಗಾಲದಲ್ಲಿ ಅರಣ್ಯ ಇಲಾಖೆ ಹತ್ತುವುದನ್ನು ನಿಷೇಧಿಸುವುದುಂಟು. ಹಿಂದಿನ ದಿನವೇ ವಿಚಾರಿಸಿ, ಕಳ್ಳದಾರಿ ತೋರಿಸುತ್ತೇನೆ ಎಂದವರ ಹಿಂದೆ ಹೋಗಬೇಡಿ. ಮಾರ್ಚ್ ನಂತರ ಬಂಡೆ ದೋಸೆ ಕಾವಲಿಯಂತೆ ಕಾಯುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಸುತ್ತಲಲ್ಲಿ ಒಂಟಿಯಾಗಿ ಎದ್ದು ನಿಂತ ಕಲ್ಲಿಗೇ ಸಿಡಿಲಿನ ಕಣ್ಣು. ಯಾವ ದಿಕ್ಕಿನಲ್ಲೇ ಆಗಲಿ ಮೋಡ ಕಪ್ಪಾದರೆ ಮರು ಯೋಚನೆ ಬೇಡ, ಇಳಿಯಿರಿ. ಒಳ್ಳೆಯದು ಡಿಸೆಂಬರ್, ಜನವರಿ. ಆದರೆ ಆಗ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಮರದಡಿಯ ದಾರಿ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು.

ಇಂಥ ಕಡಿದಾದ ಬಂಡೆಯ ಮುಖ ಹೆಜ್ಜೇನಿಗೆ ಇಷ್ಟ. ಘಾಟು ಸೆಂಟು, ಹೊಗೆ, ಕಲ್ಲೆಸೆತ ಬೇಡ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಸರಿಯಬೇಕು. ಆದರೆ ಮೆಟ್ಟಿಲಿನ ಮೇಲೆ ಓಡಲು ಎಲ್ಲಿ ಜಾಗ? ಹಾಗಾಗಿ ಮೊದಲೇ ಎಬ್ಬಿಸದಿರುವುದೇ ಉಪಾಯ. ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು, ತಿಂಡಿ ಬ್ಯಾಗಿನೊಳಗೇ ಇರಲಿ.

ಕಾಲು ಮುರಿದರೆ? 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಸಿಗ್ನಲ್ ಎಲ್ಲ ಕಡೆ ಸಿಗದು, ಸಿಕ್ಕ ಜಾಗ ನೆನಪಿಟ್ಟುಕೊಂಡು ಹತ್ತಿ. ಆಂಬುಲೆನ್ಸ್ ಬುಡದವರೆಗೆ ಮಾತ್ರ. ಮೇಲಿನ ಮೆಟ್ಟಿಲಿನಲ್ಲಿ ಸ್ಟ್ರೆಚರಿನ ಎರಡು ಬದಿ ಜನ ನಿಲ್ಲುವಷ್ಟು ಅಗಲವಿಲ್ಲ. ಹಿಂದೊಬ್ಬರು, ಮುಂದೊಬ್ಬರು ಹೊತ್ತು ಇಳಿಸಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ. ಊದಿದ ಪಾದದ ಶೂ ಬಿಚ್ಚಬೇಡಿ, ಮತ್ತೆ ಹಾಕಲಾಗದು. ಲೇಸು ಸಡಿಲಿಸಿ, ಮೇಲಿನಿಂದಲೇ ಶಾಲು ಸುತ್ತಿ ಬಿಗಿಯಿರಿ.

ಮಂಡಿನೋವು, ಬಿ.ಪಿ., ತಲೆಸುತ್ತು ಇರುವ ಹಿರಿಯರು ಕೆಳಗಿನ ಕಾಡುದಾರಿಯವರೆಗೆ ಬಂದು ವಾಪಸಾಗಲಿ. ಜೊತೆಗೊಬ್ಬರು ಇರಲಿ, ಮತ್ತು ಕಾರಿನ ಕೀ ಅವರ ಕೈಯಲ್ಲೇ ಇರಲಿ. ಕೀ ಜೇಬಿನಲ್ಲಿಟ್ಟುಕೊಂಡು ತುದಿಗೆ ಹೋದ ಮಗ, ಬೀಗ ಹಾಕಿದ ಕಾರಿನ ಪಕ್ಕ ನಾಲ್ಕು ಗಂಟೆ ಬಿಸಿಲಲ್ಲಿ ನಿಂತ ಅಜ್ಜಿ: ಇದು ಜಾರಿ ಬೀಳುವುದಕ್ಕಿಂತ ಹೆಚ್ಚು ಸಲ ಆಗುವ ಸಂಗತಿ. ಹಾಗೆಂದು ಗಾಜು ಏರಿಸಿದ ಕಾರಿನೊಳಗೆ ಯಾರನ್ನೂ ಕೂರಿಸಿ ಹೋಗಬೇಡಿ.

ಅಜ್ಜ ಅಜ್ಜಿಗೂ ಯುದ್ಧಕಾಲದ ಜಾಗ ತೋರಿಸಬೇಕೆಂದಿದ್ದರೆ ಅದಕ್ಕೆ ಬೇರೆ ದಿನ ಇಡಿ, ಮಂಗಳೂರು ಬಿಡಬೇಕಾಗಿಲ್ಲ. 1783ರಿಂದ 84ರವರೆಗೆ ತಿಂಗಳುಗಟ್ಟಲೆ ಟಿಪ್ಪುವಿನ ಮುತ್ತಿಗೆ ಕಂಡ ಮಂಗಳೂರು ಕೋಟೆಯನ್ನು ಹುಡುಕಿ ಹೋಗಬೇಡಿ, ಈಗ ಅದು ಇಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿ ಇದೆ: ಗುರುಪುರ ನದಿಗೆ ಶತ್ರುಹಡಗು ನುಗ್ಗದಂತೆ ಕಾಯಲು ಕಟ್ಟಿದ ಕರಿಕಲ್ಲಿನ ಕಾವಲು ಬುರುಜು, ಕೆಳಗೆ ಸಿಡಿಮದ್ದಿನ ಕೋಣೆ. ಹತ್ತಬೇಕಾದದ್ದು ನಾಲ್ಕಾರು ಮೆಟ್ಟಿಲು. ಸಂಜೆ ನಾಲ್ಕೂವರೆಗೆ ಹೋದರೆ ಬಿಸಿಲೂ ಇಳಿದಿರುತ್ತದೆ.