ಮೂರು ಶಾಲೆಗಳ ಒಂದು ಎಐ ಯೋಜನೆ: ಯಾವ ಅನುದಾನ ಯಾವ ಖರ್ಚಿಗೆ ಒದಗಿತು

ಹೊಳಲ್ಕೆರೆ ತಾಲ್ಲೂಕಿನ ಮೂರು ಸರ್ಕಾರಿ ಪ್ರೌಢಶಾಲೆಗಳ ಮಕ್ಕಳು ಸೇರಿಕೊಂಡು ಒಂದು ಎಐ ಮಾದರಿಯನ್ನು ರೂಪಿಸುತ್ತಿದ್ದಾರೆ. ಮೆಕ್ಕೆಜೋಳದ ಎಲೆಯ ಚಿತ್ರ ತೋರಿಸಿದರೆ ಅದು ಚೆನ್ನಾಗಿದೆಯೇ, ಸೈನಿಕ ಹುಳು ತಿಂದಿದೆಯೇ, ಅಂಗಮಾರಿ ಬಿದ್ದಿದೆಯೇ ಎಂದು ಅದು ಹೇಳಬೇಕು. ಅಮೆರಿಕ ಖಂಡದಿಂದ ಬಂದ ಈ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಮಕ್ಕಳ ಮನೆಗಳಲ್ಲಿ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಮೂರು ಶಾಲೆಗಳು ಏಕೆ ಬೇಕು ಎಂದು ಹಣ ಕೊಡುವವರೆಲ್ಲ ಕೇಳುತ್ತಾರೆ. ಒಂದೇ ಶಾಲೆಯ ಮಕ್ಕಳು ತಂದ ಚಿತ್ರಗಳಿಂದ ಕಲಿತ ಮಾದರಿ ಆ ಊರಿನ ಹೊಲಗಳಲ್ಲಿ ಸರಿಯಾಗಿ ಹೇಳಿತು. ಪಕ್ಕದ ಊರಿನ ಎಲೆ ತೋರಿಸಿದರೆ ತಡಬಡಾಯಿಸಿತು. ಅಲ್ಲಿ ಮಣ್ಣು ಕಪ್ಪು, ಇಲ್ಲಿ ಕೆಂಪು. ಅಲ್ಲಿನವರು ಬಿತ್ತಿದ್ದು ಬೇರೆ ತಳಿ. ಚಿತ್ರ ತೆಗೆದ ಮೊಬೈಲುಗಳೂ ಬೇರೆ. ಮೂರೂ ಕಡೆಯ ಚಿತ್ರಗಳನ್ನು ಕಲಸಿದ ಮೇಲೆ ಉತ್ತರಗಳು ಸುಧಾರಿಸಿದವು. ದತ್ತಾಂಶದ ಪಕ್ಷಪಾತ ಎಂದರೆ ಏನೆಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ಗೊತ್ತಿಲ್ಲ. ಹಾಗಾಗಿ ನಮ್ಮ ಯೋಜನೆಯಲ್ಲಿ ಪಾಠವೇ ಸಹಯೋಗ.

ಬಳಸುವ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಬೇಡ. ಚಿತ್ರಗಳನ್ನು ಕೊಟ್ಟು ಮಾದರಿಗೆ ಕಲಿಸುವ ಗೂಗಲ್‌ನ ಟೀಚಬಲ್ ಮಷೀನ್ ಬ್ರೌಸರಿನಲ್ಲೇ ನಡೆಯುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಹಣ ಬೇಕಾಗುವುದು ಮಕ್ಕಳನ್ನು ಒಂದೆಡೆ ಸೇರಿಸಲು: ಬಸ್ಸು, ತಿಂಡಿ, ಇಂಟರ್ನೆಟ್, ದಾವಣಗೆರೆಯಿಂದ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಯಾಣವೆಚ್ಚ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ನಿಜ. ಆದರೆ ನಮ್ಮ ಹಳ್ಳಿಗಳ ನಡುವೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು. ನಾಲ್ಕು ಬಗೆಯ ಹಣವನ್ನು ನಾನು ಅಳೆದದ್ದು ಈ ಖರ್ಚಿನಿಂದಲೇ.

ಮಕ್ಕಳು ಕೈಯಾರೆ ಮಾಡಿ ಕಲಿಯುವ ಶಾಲಾ ಪ್ರಯೋಗಾಲಯಕ್ಕೆ ಸಿಗುವ ಅಟಲ್ ಟಿಂಕರಿಂಗ್ ಲ್ಯಾಬ್ ಅನುದಾನ ಮೊತ್ತದಲ್ಲಿ ಎಲ್ಲಕ್ಕಿಂತ ದೊಡ್ಡದು. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ ಅಡಿ ಒಂದು ಶಾಲೆಗೆ 20 ಲಕ್ಷ ರೂಪಾಯಿ: ಸ್ಥಾಪನೆಗೆ 10 ಲಕ್ಷ, ಐದು ವರ್ಷಗಳ ನಿರ್ವಹಣೆಗೆ 10 ಲಕ್ಷ. ಈ ಐದು ವರ್ಷ ಎಂಬುದೇ ಅದರ ದೊಡ್ಡ ಗುಣ, ಬೇರೆ ಯಾರೂ ಅಷ್ಟು ಕಾಲ ಜೊತೆಗಿರುವುದಿಲ್ಲ. ಆದರೆ ಬಯಲುಸೀಮೆಯ ಶಾಲೆಗಳಿಂದ ಅದು ಕೇಳುತ್ತಾ ಬಂದಿರುವುದು 1,500 ಚದರ ಅಡಿ ಜಾಗ. ನಮ್ಮ ಮೂರು ಶಾಲೆಗಳಲ್ಲಿ ಯಾರ ಬಳಿಯೂ ಅಷ್ಟು ಖಾಲಿ ಕೋಣೆ ಇಲ್ಲ. ಲ್ಯಾಬ್ ಇರುವ ಇನ್ನೊಂದು ಶಾಲೆಯವರು ಪ್ರೀತಿಯಿಂದ ಕರೆದರು. ಹೋಗಿ ಕೆಲಸ ಮಾಡಿದೆವು. ಮಣ್ಣಿನ ತೇವಾಂಶ ಅಳೆಯುವ ಸಂವೇದಕವನ್ನು ನಮ್ಮ ಮಕ್ಕಳು ಮೊದಲು ಕೈಯಲ್ಲಿ ಹಿಡಿದದ್ದು ಅಲ್ಲಿಯೇ. ಆದರೂ ಅನುದಾನ ಒಂದು ಶಾಲೆಯ ಹೆಸರಿನಲ್ಲಿ ಇರುವಾಗ ಉಳಿದವರು ಅತಿಥಿಗಳಾಗಿಯೇ ಉಳಿಯುತ್ತಾರೆ, ಹೋಗಿಬರುವ ಖರ್ಚೂ ಅವರದೇ. 2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್‌ಗಳನ್ನು ಘೋಷಿಸಿದೆ. ಜಾಗ ಇರುವ ಶಾಲೆಯವರು ಈಗಲೇ ಕೋಣೆಯ ಅಳತೆ, ಫೋಟೊ, ದಾಖಲಾತಿ ಅಂಕಿಅಂಶ ಸಿದ್ಧ ಮಾಡಿಟ್ಟುಕೊಳ್ಳಲಿ.

ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ನಮ್ಮ ಜಿಲ್ಲೆಗೆ ವಿಶೇಷವಾದದ್ದು. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರು ತೆಗೆಯುವವರು ರಾಜಧನದ ಜೊತೆಗೆ ಅದರ ಶೇಕಡಾ 10 ಅಥವಾ 30ರಷ್ಟನ್ನು ಈ ನಿಧಿಗೆ ಕಟ್ಟಬೇಕು. ಗುತ್ತಿಗೆ ಯಾವಾಗ, ಹೇಗೆ ಸಿಕ್ಕಿತು ಎಂಬುದರ ಮೇಲೆ ಪ್ರಮಾಣ ನಿಂತಿದೆ. ಗಣಿಬಾಧಿತ ಪ್ರದೇಶದ ಶಿಕ್ಷಣ ಈ ನಿಧಿಯ ಆದ್ಯತಾ ವಲಯಗಳಲ್ಲಿ ಒಂದು. ಮೂರರಲ್ಲಿ ಒಂದು ಶಾಲೆ ಆ ವ್ಯಾಪ್ತಿಗೆ ಬಂದದ್ದರಿಂದ ಅಲ್ಲಿಗೆ ಕಂಪ್ಯೂಟರ್, ಯುಪಿಎಸ್ ಬಂದವು. ವಸ್ತು ಗಟ್ಟಿಯಾಗಿವೆ, ಬಳಕೆಯಾಗುತ್ತಿವೆ. ಉಳಿದ ಎರಡು ಶಾಲೆಗಳು ವ್ಯಾಪ್ತಿಯ ಹೊರಗೆ. ಹುಳು ಮಾತ್ರ ಆ ಗಡಿ ನೋಡುವುದಿಲ್ಲ.

ಕಂಪನಿಯೊಂದರ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಯೋಜನೆ ನಿಂತದ್ದು ಅದರಿಂದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಸಂಸ್ಥೆಯೊಂದರ ಮೂಲಕ ಕೊಡುವುದಾದರೆ ಆ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಪಡೆದಿರಬೇಕು. ನಮ್ಮ ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅದು ಇಲ್ಲದ್ದರಿಂದ ನೋಂದಾಯಿತ ಟ್ರಸ್ಟ್ ಒಂದನ್ನು ಜೊತೆಗೆ ಸೇರಿಸಿಕೊಂಡೆವು. ಬೇರೆ ಯಾವ ಅರ್ಜಿಯಲ್ಲೂ ಬರೆಯಲಾಗದ ಸಾಲನ್ನು ಇಲ್ಲಿ ಬರೆಯಲು ಸಾಧ್ಯವಾಯಿತು: ಮಕ್ಕಳ ಪ್ರಯಾಣ ಮತ್ತು ಉಪಾಹಾರ. ಮೂರು ಶಾಲೆಗಳನ್ನು ಒಂದೇ ಯೋಜನೆ ಎಂದು ಒಪ್ಪಿಕೊಂಡವರೂ ಅವರೊಬ್ಬರೇ.

ತೊಂದರೆಗಳೂ ಇವೆ. ಹಣ ಒಂದು ಆರ್ಥಿಕ ವರ್ಷಕ್ಕೆ ಮಂಜೂರಾಗಿತ್ತು, ಕೈಗೆ ಬಂದಾಗ ಮುಂಗಾರಿನ ಬೆಳೆ ಕೊಯ್ಲಿಗೆ ಬಂದಿತ್ತು. ಎಲೆಯ ಚಿತ್ರ ಬೇಕಾದದ್ದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಮಾರ್ಚ್ 31 ಹುಳುವಿನ ಕ್ಯಾಲೆಂಡರಿನಲ್ಲಿ ಇಲ್ಲ. ಜೊತೆಗೆ ಪ್ರತಿ ಸಭೆಯಲ್ಲೂ ಬ್ಯಾನರ್ ಮುಂದೆ ಮಕ್ಕಳ ಮುಖದ ಫೋಟೊ ಕೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಎಐ ಪಾಠದಲ್ಲಿ ಅದನ್ನೇ ಹೇಳಿಕೊಟ್ಟ ಮಕ್ಕಳ ಮುಖವನ್ನು ಕೇಳದೆಯೇ ಕಳಿಸುವುದು ನನ್ನಿಂದಾಗದು. ಕೈ ಮತ್ತು ಎಲೆ ಮಾತ್ರ ಕಾಣುವ ಚಿತ್ರ ಕಳಿಸಿದೆವು. ಒಪ್ಪಿಕೊಂಡರು.

ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು ಮೊತ್ತದಲ್ಲಿ ಚಿಕ್ಕದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಇಲ್ಲೇ ಅಡಿಕೆ ವ್ಯಾಪಾರ ಮಾಡುವ ಕೆಲವರು ಎಸ್‌ಡಿಎಂಸಿ ಖಾತೆಗೆ ಹಾಕಿದರು, ರಸೀದಿ ಪಡೆದರು, ಕ್ರಿಯಾಯೋಜನೆ ಕೇಳಲಿಲ್ಲ. ಮಳೆ ಬಂದ ವಾರವೇ ಬಸ್ಸು ಗೊತ್ತುಮಾಡಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲು ಸಾಧ್ಯವಾದದ್ದು ಆ ಹಣದಿಂದ ಮಾತ್ರ. ಆದರೆ ಇದನ್ನೇ ನಂಬಿ ಮುಂದಿನ ವರ್ಷದ ಯೋಜನೆ ಹಾಕಲು ಬರುವುದಿಲ್ಲ. ಕೇಳಿದಾಗಲೆಲ್ಲ ಕೊಡಿ ಎನ್ನುವುದೂ ಸರಿಯಲ್ಲ.

ನಮ್ಮಂತೆ ಸಣ್ಣ ಶಾಲೆಗಳು ಕೂಡಿ ಕೆಲಸ ಮಾಡುವುದಾದರೆ ನನ್ನ ಆಯ್ಕೆ ಸಿಎಸ್‌ಆರ್, ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳ ಒಂದು ಸಣ್ಣ ಮುಂಗಡ. ಕೋಣೆ ಇರುವ ದೊಡ್ಡ ಶಾಲೆ ಒಂಟಿಯಾಗಿ ಆರಂಭಿಸುವುದಾದರೆ ಅಟಲ್ ಲ್ಯಾಬ್. ಗಣಿ ವ್ಯಾಪ್ತಿಯಲ್ಲಿದ್ದರೆ ಯಂತ್ರಗಳನ್ನೆಲ್ಲ ಖನಿಜ ನಿಧಿಗೆ ಬಿಟ್ಟು, ಕಂಪನಿಯ ಅರ್ಜಿಯಲ್ಲಿ ಪ್ರಯಾಣ ಮತ್ತು ಮಾರ್ಗದರ್ಶಕರ ವೆಚ್ಚವನ್ನು ಮಾತ್ರ ತೋರಿಸಿ. ಈ ಸಲದ ನಮ್ಮ ಅರ್ಜಿಯಲ್ಲಿ ಮೊದಲ ಕಂತು ಜೂನ್ ಒಳಗೆ ಬರಬೇಕೆಂಬ ಷರತ್ತನ್ನು ಮೊದಲ ಪುಟದಲ್ಲೇ ಸೇರಿಸಿದ್ದೇವೆ, ಬಿತ್ತನೆಯಿಂದ ಕೊಯ್ಲಿನವರೆಗಿನ ವೇಳಾಪಟ್ಟಿಯನ್ನೂ ಜೊತೆಗೆ ಇಟ್ಟಿದ್ದೇವೆ.