ತೆರೆಯ ಮೇಲಿನ ಶಿಕ್ಷಕಿ: ವಿದ್ಯಾನಗರದ ಒಂದು ಮಾತುಗಾರಿಕೆ ತರಗತಿ

ಜನರೊಡನೆ ಬೆರೆತು ಮಾತನಾಡುವುದನ್ನು ಕಂಪ್ಯೂಟರ್ ತೆರೆಯ ಮೇಲಿನ ಶಿಕ್ಷಕಿಯ ಮೂಲಕ ಕಲಿಸುವ ಆರು ವಾರಗಳ ತರಗತಿಗೆ, ದಾವಣಗೆರೆ ವಿದ್ಯಾನಗರದ ಒಂದು ಕೇಂದ್ರದಲ್ಲಿ, ನನ್ನ ತಮ್ಮನ ಮಗನನ್ನು ಸೇರಿಸಿದ್ದೆ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಓದಿನಲ್ಲಿ ಚುರುಕು. ಆದರೆ ಸಂದರ್ಶನದಲ್ಲಿ ಎದುರಿಗೆ ನಾಲ್ವರು ಕೂತರೆ ಬಾಯಿ ಕಟ್ಟುತ್ತದೆ.

ಮೊದಲ ದಿನವೇ ಆ ಶಿಕ್ಷಕಿ ತಾನು ಮನುಷ್ಯಳಲ್ಲ, ಕಂಪ್ಯೂಟರ್ ಪ್ರೋಗ್ರಾಂ ಎಂದು ಕನ್ನಡದಲ್ಲಿ ಹೇಳಿದ್ದು ನನಗೆ ಹಿಡಿಸಿತು. ಅಭ್ಯಾಸ ಮುಗಿದಾಗ ಬರೀ ಅಂಕ ಕೊಡದೆ, 'ಮೂರನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ಆರು ಸೆಕೆಂಡು ಸುಮ್ಮನಿದ್ದಿರಿ' ಎಂದು ತಿಳಿಸಿ ಆ ತುಣುಕನ್ನೇ ತೋರಿಸುತ್ತಿದ್ದಳು. ಹುಡುಗ ತಾನೂ ಎಣಿಸಿ ನೋಡಿದ, ಲೆಕ್ಕ ಸರಿಯಾಗಿತ್ತು. ಆಕೆಯ ಮಾತಿನ ಮೇಲೆ ಅವನಿಗೆ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ.

ಎರಡು ಕಡೆ ಆಕೆ ಎಡವಿದಳು. ನಮ್ಮ ಕಡೆಯ 'ಹೌದ್ರಿ', 'ಬರ್ತೀನ್ರಿ'ಗಳನ್ನು ಅಸ್ಪಷ್ಟ ಉಚ್ಚಾರಣೆ ಎಂದು ಗುರುತಿಸಿದಳು. ಹಿರಿಯರ ಪಾತ್ರದೊಡನೆ ಮಾತನಾಡುವಾಗ ಅವನು ಕಣ್ಣು ತಗ್ಗಿಸಿದ್ದನ್ನು ಆತ್ಮವಿಶ್ವಾಸದ ಕೊರತೆ ಎಂದಳು. ಅದು ನಮ್ಮ ಮನೆಗಳಲ್ಲಿ ಕಲಿಸುವ ಮರ್ಯಾದೆ. ಸಂದರ್ಶನದಲ್ಲಿ ಮಾತ್ರ ಬೇರೆ ರೀತಿ ಬೇಕಾಗುತ್ತದೆ ಎಂದು ವಿವರಿಸಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಇವೆಲ್ಲ ತಿದ್ದಬಹುದಾದ ಕೊರತೆಗಳು. ಅಭ್ಯಾಸದ ವಿಡಿಯೊಗಳನ್ನು ಸಿಬ್ಬಂದಿಯೂ ನೋಡುತ್ತಾರೆಂಬುದು ನಾಲ್ಕನೆಯ ವಾರ ಆಕಸ್ಮಿಕವಾಗಿ ಗೊತ್ತಾದಾಗ ಮಾತ್ರ ಬುಡವೇ ಅಲುಗಾಡಿತು. ಕ್ಯಾಂಪಸ್ ಸಂದರ್ಶನದಲ್ಲಿ ಸೋತು ಅತ್ತದ್ದನ್ನು ಅವನು ನನಗೂ ಹೇಳಿರಲಿಲ್ಲ, ಆಕೆಗೆ ಹೇಳಿದ್ದ. ಎದುರಿನ ಆಕೃತಿಯನ್ನು ಕಂಪ್ಯೂಟರ್ ತಾನಾಗಿ ನಡೆಸುತ್ತಿದೆ ಎಂದು ನಂಬಿದವರು, ಹಿಂದೆ ಮನುಷ್ಯರಿದ್ದಾರೆ ಎಂದು ನಂಬಿದವರಿಗಿಂತ ಕಡಿಮೆ ಅಳುಕಿನಿಂದ ಮನಸ್ಸು ಬಿಚ್ಚುತ್ತಾರೆಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಯಾರೂ ನೋಡುತ್ತಿಲ್ಲವೆಂಬ ಆ ನೆಮ್ಮದಿಯ ಮೇಲೆಯೇ ಇಂಥ ತರಗತಿ ನಿಂತಿರುವಾಗ, ನೋಡುವವರಿದ್ದಾರೆ ಎಂಬುದನ್ನು ಮುಚ್ಚಿಟ್ಟದ್ದು ದೊಡ್ಡ ತಪ್ಪು. ಕೇಳಿದ್ದಕ್ಕೆ ಮೂರು ದಿನ ಉತ್ತರವಿಲ್ಲ. ಕೊನೆಗೆ ವಿಡಿಯೊಗಳನ್ನು ನಮ್ಮೆದುರೇ ಅಳಿಸಿದರು. ಆ ಮೇಲೂ ಅವನು ತರಗತಿಗೆ ಹೋದ, ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುತ್ತಿದ್ದ.

ತಡೆದು ತಡೆದು ಮಾತನಾಡುವ ಮಕ್ಕಳಿಗೆ ಈ ಅಭ್ಯಾಸ ನಿಜಕ್ಕೂ ಉಪಯುಕ್ತ. ಆದರೆ ವಿಡಿಯೊ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಕೊಡಲು ಹಿಂಜರಿದರೆ ಸೇರಿಸಬೇಡಿ.