ಲೋಹದಲ್ಲಿ ಮುದ್ರಿಸಿದ ಮಿರರ್ ಮೌಂಟ್: ಕುಲುಮೆಯ ದಾಖಲೆ ನೋಡದೆ ಹಣ ಕೊಡಬೇಡಿ

ಲೇಸರ್ ಕನ್ನಡಿಯ ಮೌಂಟ್‌ಗಳನ್ನು, ಅಂದರೆ ಕನ್ನಡಿಯನ್ನು ಹಿಡಿದು ನಿಲ್ಲಿಸುವ ಆಧಾರಗಳನ್ನು, ಲೋಹದಲ್ಲೇ ತ್ರೀಡಿ ಮುದ್ರಿಸಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಮೊದಲು ಇದನ್ನು ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮಗೆ ಬೇಕಿದ್ದುದು ಸುಮಾರು ಶೇಕಡಾ 10 ಸಿಲಿಕಾನ್ ಇರುವ ಅಲ್ಯೂಮಿನಿಯಂ ಮೌಂಟ್, ಕನ್ನಡಿಯ ಹಿಂದೆ ಸುತ್ತಿ ಬಳಸಿ ಹೋಗುವ, ತಂಪಾಗಿಸುವ ನೀರಿನ ಕಾಲುವೆ ಒಳಗೇ ಇರಬೇಕು. ಮುದ್ರಣಕ್ಕೆ ಹೋದದ್ದೇ ಆ ಕಾಲುವೆಗಾಗಿ. ಬಿಲ್ಡ್ ಪ್ಲೇಟ್‌ನಿಂದ (ಭಾಗವನ್ನು ಯಾವುದರ ಮೇಲೆ ಮುದ್ರಿಸುತ್ತಾರೋ ಆ ಲೋಹದ ತಟ್ಟೆ) ಕತ್ತರಿಸುವ ಮೊದಲು ಕುಲುಮೆಯಲ್ಲಿ 300 ಡಿಗ್ರಿಯಲ್ಲಿ 2 ಗಂಟೆ ಕಾಯಿಸಿ ಲೋಹದೊಳಗಿನ ಒತ್ತಡ ಇಳಿಸುತ್ತೇವೆ ಎಂದು ಕೊಟೇಶನ್‌ನಲ್ಲಿ ಮುದ್ರಿಸಿಕೊಡುವವರೇ ಬರೆದಿದ್ದರು. ಅದಕ್ಕೆ ಬೇರೆ ದರವನ್ನೂ ಹಾಕಿದ್ದರು.

ಮೌಂಟ್ ಬಂತು. ಕನ್ನಡಿ ಕೂರುವ ಮುಖವನ್ನು ಮಿಲ್ಲಿಂಗ್ ಮಾಡಿ (ಯಂತ್ರದಲ್ಲಿ ತುಸು ಕಡೆದು ಸಮತಟ್ಟು ಮಾಡಿ) ಕ್ಲ್ಯಾಂಪ್ ಬಿಚ್ಚಿದೆವು, ತಳ ಬಾಗಿತು! ಮೇಜಿನ ಮೇಲಿಟ್ಟರೆ ಕಾಲು ಮುರಿದ ಮಣೆಯಂತೆ ತೂಗಾಡುತ್ತಿತ್ತು. ಸುತ್ತ ಎಲ್ಲರೂ ನಿಂತಿದ್ದರು. ಇದನ್ನು ಹೊಗಳಿ ತರಿಸಿದವನು ನಾನು.

ಫೋನ್ ಮಾಡಿದೆ. "ಮಿಲ್ಲಿಂಗ್ ಮಾಡಿದವರು ನೀವು ಸರ್, ಬಾಗಿದರೆ ನಾವೇನು ಮಾಡುವುದು?" ಪದರ ಪದರವಾಗಿ ಕರಗಿ ಥಟ್ಟನೆ ತಣಿಯುವಾಗ ಸಿಕ್ಕಿಕೊಂಡ ಒತ್ತಡ, ಒಂದು ಕಡೆ ಲೋಹ ತೆಗೆದ ಕೂಡಲೇ ಹೊರಬರುತ್ತದೆ. ಕಾಯಿಸುವುದೇ ಅದಕ್ಕಾಗಿ ಅಲ್ಲವೇ? ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಕಾಯಿಸಿದರೆಂಬ ಕುಲುಮೆಯ ದಾಖಲೆ ಕೇಳಿದೆ. ಮೊದಲು "ಕಳುಹಿಸುತ್ತೇವೆ". ಆಮೇಲೆ "ಕುಲುಮೆ ಬೇರೆಯವರದು, ದಾಖಲೆ ಅವರಲ್ಲಿದೆ". ಕೊನೆಗೆ "ಇಷ್ಟು ಚಿಕ್ಕ ಭಾಗಕ್ಕೆ ಅದೆಲ್ಲ ಬೇಕಾಗಿಲ್ಲ ಸರ್". ಬೇಕಾಗಿಲ್ಲವಂತೆ! ಹಾಗಾದರೆ ಬಿಲ್ಲಿನಲ್ಲಿ ಅದಕ್ಕೆ ಹಣ ಏಕೆ?

ಇನ್ನೊಂದು ಮೌಂಟನ್ನು ಬಿಳಿ ಕಾಗದದ ಮೇಲೆ ತಟ್ಟಿದೆ. ಕಾಲುವೆಯಿಂದ ಬೂದು ಬಣ್ಣದ ಪುಡಿ ಉದುರಿತು, ಕರಗದೆ ಉಳಿದ ಲೋಹದ ಪುಡಿ. ಇದರ ಒಂದು ಕಣ ಕನ್ನಡಿಯ ಮೇಲೆ ಕೂತಾಗ ಶಕ್ತಿಶಾಲಿ ಲೇಸರ್ ಬಿದ್ದರೆ ಲೇಪನವೇ ಸುಟ್ಟು ಹೋಗಬಹುದು. ಅವರ ಉತ್ತರ: "ನೀರು ಹರಿಸಿ ಸರ್, ತಾನೇ ಹೋಗುತ್ತದೆ." ಹೋಗುವುದು ನಮ್ಮ ಚಿಲ್ಲರ್‌ಗೆ, ನೀರು ತಣಿಸಿ ಹರಿಸುವ ಯಂತ್ರಕ್ಕೆ ತಾನೇ, ಅವರಿಗೇನು!

ಮೈ ಉರಿದದ್ದು ಇದಾದ ಮೇಲೆ. ಆರ್ಡರ್‌ಗೆ ಮುಂಚೆ ಕೊಟ್ಟಿದ್ದ ಸುಂದರ ಮಾದರಿ ಇನ್ನೂ ನಮ್ಮಲ್ಲೇ ಇತ್ತು. ತಿರುಗಿಸಿ ನೋಡಿದೆ. ಬದಿಗಳಲ್ಲಿ ಸಣ್ಣ ಪ್ಲಗ್‌ಗಳು! ನೇರ ರಂಧ್ರಗಳನ್ನು ಕೊರೆದು ತುದಿ ಮುಚ್ಚಿದ್ದರು. ಮುದ್ರಿಸಿದ ಕಾಲುವೆಗೆ ಪ್ಲಗ್ ಯಾಕೆ ಬೇಕು? ಗಟ್ಟಿ ಅಲ್ಯೂಮಿನಿಯಂ ತುಂಡನ್ನು ಕಡೆದು ಮುದ್ರಣದ ಮಾದರಿ ಎಂದು ಕೈಗಿಟ್ಟಿದ್ದರು. ಕೇಳಿದರೆ, "ಅದು ಆಕಾರ ತೋರಿಸಲು ಸರ್, ಮುದ್ರಿಸಿದ್ದು ಎಂದು ನಾವು ಎಲ್ಲಿ ಹೇಳಿದೆವು?"

ಮಾದರಿಯನ್ನು ನಿಮ್ಮ ಎದುರಲ್ಲೇ ಕತ್ತರಿಸಿ ತೋರಿಸಲು ಹೇಳಿ. ಕುಲುಮೆಯ ದಾಖಲೆ ಕೈಗೆ ಬರುವವರೆಗೆ, ಕಾಲುವೆಯಲ್ಲಿ ಪುಡಿ ಇಲ್ಲವೆಂದು ಸ್ಕ್ಯಾನ್ ತೋರಿಸುವವರೆಗೆ ಬಾಕಿ ಹಣ ಬಿಡಬೇಡಿ. ನನ್ನಿಂದ ಪೂರ್ತಿ ಹಣ ಮುಂಗಡವಾಗಿಯೇ ವಸೂಲಾಗಿದೆ, ಈಗ ನನ್ನ ಹೆಸರು ಕೇಳಿದರೆ ಸಾಕು, "ಸರ್ ಮೀಟಿಂಗ್‌ನಲ್ಲಿದ್ದಾರೆ."